ತೆರೆಯ ಮೇಲಿನ ಚುಕ್ಕಿ ಏನು ಹೇಳುತ್ತದೆ?

ರಾಜಧಾನಿ ಬೆಂಗಳೂರಿಗಿಂತ ಮೊದಲೇ ಟೆಲಿವಿಷನ್ ನೋಡಿದ ಹಳ್ಳಿಗಳು ಕರ್ನಾಟಕದಲ್ಲಿವೆ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲು, 1975ರ ಆಗಸ್ಟ್ 1ರಂದು, ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಟಿ.ವಿ. ಪೆಟ್ಟಿಗೆಗಳು ಬೆಳಗಿದವು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ನಮ್ಮ ಬಾಹ್ಯಾಕಾಶ ಸಂಸ್ಥೆ ನಡೆಸಿದ ‘ಸೈಟ್’ ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆಗ ಗುಲ್ಬರ್ಗ ಜಿಲ್ಲೆಯ ತಾಲ್ಲೂಕುಗಳು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಗೆ.

ಆ ಟಿ.ವಿ. ವ್ಯವಸ್ಥೆಗೆ ಮೂರು ಅಂಗ. ಕೋಳಿಗೂಡಿನ ಜಾಲರಿಯಂಥ ತಂತಿಯಿಂದ ಮಾಡಿದ ಮೂರು ಮೀಟರ್ ಅಗಲದ ಬಟ್ಟಲು ಆಂಟೆನಾ, ಉಪಗ್ರಹದ ಸಂಕೇತವನ್ನು ಟಿ.ವಿ.ಗೆ ತಿಳಿಯುವಂತೆ ಮಾರ್ಪಡಿಸುವ ಚಿಕ್ಕ ಪೆಟ್ಟಿಗೆ, ಕೊನೆಗೆ ಟಿ.ವಿ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಊರಿನವರಿಗೆ ಕಾಣುವುದು ಒಂದೇ: ತೆರೆಯ ತುಂಬ ಚುಕ್ಕಿ, ಗೆರೆ ಅಥವಾ ಬರಿಯ ಕತ್ತಲೆ. ಆದ್ದರಿಂದ ರಿಪೇರಿಗೆ ಬಂದವನ ಮುಂದಿದ್ದ ಮೊದಲ ಪ್ರಶ್ನೆ ‘ಏನು ಕೆಟ್ಟಿದೆ’ ಎಂಬುದಲ್ಲ, ‘ಎಲ್ಲಿ ಕೆಟ್ಟಿದೆ’ ಎಂಬುದು.

ಅರ್ಧ ಶತಮಾನದ ನಂತರ ಅದೇ ಸೀಮೆಯ ಮನೆಗಳಲ್ಲಿ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಬಂದಿದೆ. ಯಾದಗಿರಿ ತಾಲ್ಲೂಕಿನ ಮುದನಾಳದಂಥ ಊರಿನ ಹುಡುಗನೊಬ್ಬ ಕಂಪ್ಯೂಟರಿನಲ್ಲಿ ಆಟಕ್ಕೆ ಕುಳಿತಿರುತ್ತಾನೆ. ಇದ್ದಕ್ಕಿದ್ದಂತೆ ತೆರೆಯ ಮೇಲೆ ಹಸಿರು, ಗುಲಾಬಿ ಬಣ್ಣದ ಚೌಕಗಳು ಮೂಡುತ್ತವೆ, ಗೋಡೆಗಳು ಮುಳ್ಳಿನಂತೆ ಚಾಚಿಕೊಳ್ಳುತ್ತವೆ, ಕೊನೆಗೆ ಎಲ್ಲ ಕಪ್ಪಾಗುತ್ತದೆ. ‘ಕಾರ್ಡ್ ಹೋಯಿತು’ ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಮೂವತ್ತು ಸಾವಿರ ರೂಪಾಯಿಯ ಒಂದು ಗ್ರಾಫಿಕ್ಸ್ ಕಾರ್ಡ್ ಎಂದರೆ, 2024–25ರ ಬೆಂಬಲ ಬೆಲೆಯಾದ ಕ್ವಿಂಟಲಿಗೆ 7,550 ರೂಪಾಯಿಯ ಲೆಕ್ಕದಲ್ಲಿ, ಸರಿಸುಮಾರು ನಾಲ್ಕು ಕ್ವಿಂಟಲ್ ತೊಗರಿ. ಆ ತೀರ್ಪು ತಪ್ಪಾಗಿದ್ದರೆ ನಷ್ಟ ಸಣ್ಣದಲ್ಲ. ಅದು ತಪ್ಪಾಗಿರುವ ಸಂದರ್ಭಗಳೂ ಕಡಿಮೆಯಿಲ್ಲ.

ಚಿತ್ರ ಬರುವುದಲ್ಲ, ಆಗುವುದು

ಟಿ.ವಿ.ಗೂ ಕಂಪ್ಯೂಟರ್ ಆಟಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಟಿ.ವಿ.ಯ ಚಿತ್ರ ಬೇರೆಲ್ಲೋ ಸಿದ್ಧವಾಗಿ ನಮ್ಮ ಮನೆಗೆ ಬರುತ್ತದೆ. ಆಟದ ಚಿತ್ರ ಹಾಗಲ್ಲ, ಅದು ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಆ ಕ್ಷಣಕ್ಕೆ ತಯಾರಾಗುತ್ತದೆ. ತಯಾರಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು.

ಆಟದೊಳಗಿನ ಮರ, ಮನೆ, ಮನುಷ್ಯ ಎಲ್ಲವೂ ಮೂಲದಲ್ಲಿ ಸಣ್ಣ ಸಣ್ಣ ತ್ರಿಕೋನಗಳ ಜೋಡಣೆ. ಆ ತ್ರಿಕೋನಗಳು ಎಲ್ಲಿ ನಿಲ್ಲಬೇಕು ಎಂದು ಲೆಕ್ಕ ಹಾಕಿ, ಅವುಗಳಿಗೆ ಬಣ್ಣದ ಹೊದಿಕೆ ಹೊದಿಸಿ, ಬೆಳಕು ನೆರಳು ಕೂಡಿಸಿ, ಸಿದ್ಧವಾದ ಚಿತ್ರವನ್ನು ಕಾರ್ಡು ಮಾನಿಟರಿಗೆ ಕಳಿಸುತ್ತದೆ. ಇಂದು ಸಾಮಾನ್ಯವಾಗಿರುವ ಒಂದು ಮಾನಿಟರಿನಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು 20,73,600 ಚುಕ್ಕಿಗಳಿವೆ. ಸೆಕೆಂಡಿಗೆ 60 ಚಿತ್ರ ಎಂದರೂ ಸುಮಾರು 12 ಕೋಟಿ 44 ಲಕ್ಷ ಚುಕ್ಕಿಗಳ ಬಣ್ಣವನ್ನು ಪ್ರತಿ ಸೆಕೆಂಡಿಗೆ ತೀರ್ಮಾನಿಸಬೇಕು. ಒಂದೆರಡು ಲೆಕ್ಕ ತಪ್ಪಿದರೆ ಕಣ್ಣಿಗೆ ಕಾಣದು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ತಪ್ಪಿದರೆ ಅದು ಚುಕ್ಕಿಯಾಗಿ, ಚೌಕವಾಗಿ, ಮುಳ್ಳಾಗಿ ಎದುರಿಗೆ ನಿಲ್ಲುತ್ತದೆ.

ಈ ತೊಂದರೆ ಕಂಪ್ಯೂಟರಿನಷ್ಟೇ ಹಳೆಯದು. ಐ.ಬಿ.ಎಂ. ಕಂಪನಿ 1981ರಲ್ಲಿ ತನ್ನ ಪರ್ಸನಲ್ ಕಂಪ್ಯೂಟರಿನ ಜೊತೆ ತಂದ ಬಣ್ಣದ ಕಾರ್ಡಿನಲ್ಲಿಯೇ ತೆರೆಯ ಮೇಲೆ ‘ಹಿಮ’ ಸುರಿಯುತ್ತಿತ್ತು. ಚಿತ್ರದ ಸ್ಮೃತಿಕೋಶಕ್ಕೆ ಬಾಗಿಲು ಒಂದೇ. ಚಿತ್ರವನ್ನು ಓದಿ ತೆರೆಗೆ ಕಳಿಸುವವನೂ, ಹೊಸದನ್ನು ಬರೆಯಲು ಬರುವ ಪ್ರೊಸೆಸರೂ ಏಕಕಾಲಕ್ಕೆ ಅದೇ ಬಾಗಿಲಿಗೆ ಬಂದರೆ ಓದು ತಪ್ಪಿ ಚುಕ್ಕಿಗಳು ಮೂಡುತ್ತಿದ್ದವು. ಅಲ್ಲಿ ಯಾವುದೂ ಕೆಟ್ಟಿರಲಿಲ್ಲ, ರಚನೆಯೇ ಹಾಗಿತ್ತು. ಮುಂದೆ 1987ರಲ್ಲಿ ವಿ.ಜಿ.ಎ., 1996ರಲ್ಲಿ ಮೂರು ಆಯಾಮದ ಆಟಗಳಿಗೆಂದೇ ಬಂದ ‘ವೂಡೂ’ ಕಾರ್ಡ್, 1999ರಲ್ಲಿ ಎನ್‌ವಿಡಿಯಾದ ‘ಜಿಫೋರ್ಸ್ 256’ ಹೀಗೆ ಒಂದೊಂದು ಮೆಟ್ಟಿಲಿಗೂ ಚಿತ್ರ ಸುಂದರವಾಯಿತು, ಕೆಡುವ ದಾರಿಗಳೂ ಹೆಚ್ಚಿದವು. ಈ ಕ್ಷೇತ್ರದ ದೊಡ್ಡ ಕಂಪನಿಗಳಾದ ಎನ್‌ವಿಡಿಯಾ ಮತ್ತು ಎ.ಎಂ.ಡಿ. ಎರಡಕ್ಕೂ ಈಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ.

ಇಂಥ ಕ್ಷಣಿಕ ದೋಷಕ್ಕೆ ಆಟಗಾರರ ಬಾಯಲ್ಲಿರುವ ಹೆಸರು ‘ಗ್ಲಿಚ್’. ಮೊದಲು ರೇಡಿಯೊ, ಟಿ.ವಿ. ಕೇಂದ್ರಗಳ ತಂತ್ರಜ್ಞರ ನಡುವೆ ಓಡಾಡಿಕೊಂಡಿದ್ದ ಮಾತಿದು. ಭೂಮಿಯನ್ನು ಸುತ್ತಿ ಬಂದ ಗಗನಯಾತ್ರಿ ಜಾನ್ ಗ್ಲೆನ್ 1962ರಲ್ಲಿ ಇದನ್ನು ವಿದ್ಯುತ್ ಒತ್ತಡದ ಹಠಾತ್ ಏರಿಳಿತ ಎಂಬ ಅರ್ಥದಲ್ಲಿ ವಿವರಿಸಿದ ಮೇಲೆ ಹೊರಜಗತ್ತಿಗೂ ಪರಿಚಿತವಾಯಿತು.

ಎಲ್ಲ ದೋಷವೂ ಕಾರ್ಡಿನದಲ್ಲ

ಜಪಾನಿನಲ್ಲಿ 1980ರಲ್ಲಿ ಹುಟ್ಟಿದ ‘ಪ್ಯಾಕ್‌ಮ್ಯಾನ್’ ಆಟದ 256ನೆಯ ಹಂತ ತಲುಪಿದವರಿಗೆ ತೆರೆಯ ಬಲ ಅರ್ಧಭಾಗ ಅಕ್ಷರ, ಅಂಕಿ, ತುಣುಕುಗಳ ರಾಶಿಯಾಗಿ ಕಾಣುತ್ತಿತ್ತು. ನೋಡಿದವರಿಗೆ ಯಂತ್ರ ಸುಟ್ಟಿತೇನೋ ಎನಿಸಬೇಕು. ನಿಜವಾದ ಕಾರಣ ಬೇರೆ: ಹಂತದ ಎಣಿಕೆಗೆ ಆಟದಲ್ಲಿ ಇಟ್ಟಿದ್ದ ಜಾಗ 0ಯಿಂದ 255ರವರೆಗೆ ಮಾತ್ರ. ಅದು ತುಂಬಿ ಉಕ್ಕಿದಾಗ ಚಿತ್ರ ಬರೆಯುವ ಲೆಕ್ಕ ಹಳಿ ತಪ್ಪಿತು. ಯಂತ್ರ ಗಟ್ಟಿಯಾಗಿಯೇ ಇತ್ತು, ದೋಷ ಆಟದೊಳಗಿತ್ತು.

ಇಂದಿಗೂ ಇದೇ ಮೊದಲ ಪಾಠ. ಒಂದೇ ಒಂದು ಆಟದಲ್ಲಿ, ಅದೂ ಒಂದೇ ಜಾಗದಲ್ಲಿ ಚಿತ್ರ ಕೆಡುತ್ತಿದ್ದು ಉಳಿದ ಆಟಗಳೆಲ್ಲ ಸರಿ ಇದ್ದರೆ ಶಂಕೆ ಆ ಆಟದ ಮೇಲೆ, ಇಲ್ಲವೆ ಡ್ರೈವರ್ ಮೇಲೆ ಹೋಗಬೇಕು. ಡ್ರೈವರ್ ಎಂದರೆ ವಿಂಡೋಸಿಗೂ ಕಾರ್ಡಿಗೂ ನಡುವಿನ ದುಭಾಷಿ. ದುಭಾಷಿ ತಪ್ಪಿದರೆ ಇಬ್ಬರು ಜಾಣರ ಮಾತೂ ಅಸಂಬದ್ಧವಾಗುತ್ತದೆ.

ಇನ್ನೊಂದು ದೃಶ್ಯ: ಪಾತ್ರ ವೇಗವಾಗಿ ತಿರುಗಿದಾಗ ಚಿತ್ರ ಅಡ್ಡಕ್ಕೆ ಹರಿದಂತಾಗಿ ಮೇಲಿನ ಭಾಗ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಸರಿದಿರುತ್ತದೆ. ಇದು ರೋಗವೇ ಅಲ್ಲ. ಮಾನಿಟರು ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿರುವಾಗ ಕಾರ್ಡು 90 ಚಿತ್ರ ಕಳಿಸಿದರೆ ಒಂದು ಮುಗಿಯುವ ಮೊದಲೇ ಇನ್ನೊಂದು ನುಗ್ಗುತ್ತದೆ. ಆಟದ ಸೆಟ್ಟಿಂಗಿನಲ್ಲಿರುವ ‘ವಿ-ಸಿಂಕ್’ ಹಾಕಿದರೆ ಎರಡರ ತಾಳ ಕೂಡುತ್ತದೆ. ಕಾರ್ಡಿನ ಓಟಕ್ಕೆ ತಕ್ಕಂತೆ ತಾನೇ ತಾಳ ಬದಲಿಸುವ ಮಾನಿಟರುಗಳೂ ಕಳೆದ ದಶಕದಿಂದ ಮಾರುಕಟ್ಟೆಯಲ್ಲಿವೆ.

ದೂರದ ಗೋಡೆ, ನೆಲ ಮಸುಕಾಗಿ ಉಳಿದು ತಡವಾಗಿ ಸ್ಪಷ್ಟವಾಗುವುದು, ಆಟ ತಡೆತಡೆದು ಓಡುವುದು ಕೂಡ ಬಹಳ ಸಲ ಕಾರ್ಡಿನ ಸ್ಮೃತಿ ಸಾಲದೆ ಆಗುವ ತೊಂದರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಬಣ್ಣದ ಹೊದಿಕೆಯ ಗುಣಮಟ್ಟವನ್ನು ಆಟದ ಸೆಟ್ಟಿಂಗಿನಲ್ಲಿ ಒಂದು ಮೆಟ್ಟಿಲು ಇಳಿಸಿ ನೋಡಿದರೆ ಹೊಸ ಕಾರ್ಡಿನ ಅಗತ್ಯ ಇದೆಯೋ ಇಲ್ಲವೋ ತಿಳಿಯುತ್ತದೆ.

ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ

ದೋಷ ಎಲ್ಲಿದೆ ಎಂದು ತಿಳಿಯಲು ಅತ್ಯಂತ ಸರಳವಾದ ಉಪಾಯವೊಂದಿದೆ. ಚುಕ್ಕಿ ಕಾಣುತ್ತಿರುವಾಗಲೇ ಕಂಪ್ಯೂಟರಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಮೊಬೈಲಿಗೋ ಬೇರೆ ಕಂಪ್ಯೂಟರಿಗೋ ಕಳಿಸಿ ನೋಡಬೇಕು. ಸ್ಕ್ರೀನ್‌ಶಾಟ್ ಎಂಬುದು ಪೆಟ್ಟಿಗೆಯೊಳಗೆ ಸಿದ್ಧವಾದ ಚಿತ್ರದ ಪ್ರತಿ. ವೈರು, ಮಾನಿಟರು ಅದರ ದಾರಿಯಲ್ಲಿ ಬರುವುದಿಲ್ಲ. ಮೊಬೈಲಿನಲ್ಲೂ ಚುಕ್ಕಿ ಕಂಡರೆ ಚಿತ್ರ ತಯಾರಾಗುವಾಗಲೇ ಕೆಟ್ಟಿದೆ: ಕಾರ್ಡು, ಅದರ ಸ್ಮೃತಿ, ಡ್ರೈವರ್ ಅಥವಾ ಆಟ. ಮೊಬೈಲಿನಲ್ಲಿ ಚಿತ್ರ ಶುದ್ಧವಾಗಿದ್ದರೆ ಕೆಟ್ಟಿರುವುದು ತಯಾರಾದ ಮೇಲಿನ ದಾರಿಯಲ್ಲಿ: ಕಾರ್ಡಿನ ಹಿಂಬದಿಯ ಸಾಕೆಟ್, ವೈರು ಅಥವಾ ಮಾನಿಟರು. ಇನ್ನೂರು–ಮುನ್ನೂರು ರೂಪಾಯಿಯ ಎಚ್.ಡಿ.ಎಂ.ಐ. ವೈರು ಬದಲಿಸಿದರೆ ಮುಗಿಯಬಹುದಾದ ಕೆಲಸಕ್ಕೆ ಕಾರ್ಡು ಕಳಚುವ ಗೊಡವೆ ಬೇಡ.

ಎರಡನೆಯ ಪರೀಕ್ಷೆ ಹೊತ್ತಿನದು. ಕಂಪ್ಯೂಟರ್ ಆನ್ ಆದ ಕೂಡಲೇ, ವಿಂಡೋಸ್ ಶುರುವಾಗುವ ಮುಂಚೆ ಕಂಪನಿಯ ಹೆಸರು ಮೂಡುವಾಗಲೇ ಚೌಕ, ಗೆರೆ ಕಂಡರೆ ಡ್ರೈವರನ್ನು ದೂರುವಂತಿಲ್ಲ, ಅದಿನ್ನೂ ಎದ್ದೇ ಇರುವುದಿಲ್ಲ. ವೈರು, ಮಾನಿಟರು ಸರಿ ಇದ್ದರೆ ಕಾರ್ಡಿನ ಸ್ಮೃತಿಗೋ ಚಿಪ್ಪಿಗೋ ಪೆಟ್ಟಾಗಿದೆ ಎಂದೇ ಅರ್ಥ. ಆಟ ಶುರುವಾಗಿ ಹದಿನೈದು ಇಪ್ಪತ್ತು ನಿಮಿಷದ ನಂತರವಷ್ಟೇ ಚುಕ್ಕಿ ಬಂದು, ಯಂತ್ರ ತಣ್ಣಗಾದ ಮೇಲೆ ಹೋಗುತ್ತಿದ್ದರೆ ಅದು ಬಿಸಿಯ ಕೆಲಸ. ತೆರೆ ಒಮ್ಮೆ ಕಪ್ಪಾಗಿ ಮತ್ತೆ ತಾನೇ ಬಂದರೆ, ಕಾರ್ಡು ಉತ್ತರಿಸದೆ ತಡವರಿಸಿದೆ. ವಿಸ್ಟಾ ಆವೃತ್ತಿಯಿಂದ ಈಚೆಗೆ ವಿಂಡೋಸ್ ಸಾಮಾನ್ಯವಾಗಿ 2 ಸೆಕೆಂಡ್ ಕಾದು ಡ್ರೈವರನ್ನು ಮರಳಿ ಎಬ್ಬಿಸುತ್ತದೆ. ಭಾರಿ ದೃಶ್ಯ ಬಂದಾಗ ಇಡೀ ಕಂಪ್ಯೂಟರೇ ಆರಿಹೋದರೆ ಮೊದಲ ಶಂಕೆ ಪವರ್ ಸಪ್ಲೈ ಮೇಲೆ.

ಬಿಸಿಲು ಸೀಮೆಯ ಲೆಕ್ಕ

ಈ ಲಕ್ಷಣಗಳಲ್ಲಿ ಯಾದಗಿರಿ ಭಾಗಕ್ಕೆ ಹೆಚ್ಚು ಸಂಬಂಧಿಸಿದ್ದು ಬಿಸಿ. ಆಟ ಓಡುವಾಗ ಕಾರ್ಡಿನ ಚಿಪ್ಪು 70–80 ಡಿಗ್ರಿ ಮುಟ್ಟುವುದು ಸಹಜ. ಆದರೆ ಫ್ಯಾನು ಚಳಿಯನ್ನು ಹುಟ್ಟಿಸುವುದಿಲ್ಲ, ಕೋಣೆಯ ಗಾಳಿಯನ್ನು ಬೀಸುತ್ತದೆ ಅಷ್ಟೆ. ಕೋಣೆಯಲ್ಲಿ 25 ಡಿಗ್ರಿ ಇದ್ದಾಗ 75ರಲ್ಲಿ ಓಡುವ ಚಿಪ್ಪು, ಕೋಣೆ 40 ಡಿಗ್ರಿ ಕಾದಾಗ ಅದೇ ಕೆಲಸಕ್ಕೆ, ಅದೇ ಫ್ಯಾನ್ ವೇಗಕ್ಕೆ, 90ರ ಹತ್ತಿರ ಹೋಗುತ್ತದೆ. ಅಂಥ ಬಿಸಿಯಲ್ಲಿ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ಓಟ ತಗ್ಗಿಸುತ್ತದೆ. ಪಕ್ಕದಲ್ಲಿರುವ ಸ್ಮೃತಿ ಚಿಪ್ಪುಗಳು ಲೆಕ್ಕ ತಪ್ಪಲು ತೊಡಗಬಹುದು. ಬೆಂಗಳೂರಿನ ಮನೆಯಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ಕಾರ್ಡು ಯಾದಗಿರಿಯ ಏಪ್ರಿಲ್ ತಿಂಗಳಲ್ಲಿ ಚುಕ್ಕಿ ತೋರಿಸಿದರೆ ಆಶ್ಚರ್ಯವಿಲ್ಲ.

ಬಿಸಿಲಿನ ಜೊತೆಗೆ ದೂಳು. ಎರೆಮಣ್ಣಿನ ನುಣುಪು ದೂಳು, ತೊಗರಿ ರಾಶಿಯ ಹೊಟ್ಟು, ಹತ್ತಿಯ ಎಳೆ ಎಲ್ಲವೂ ಗಾಳಿಯ ಜೊತೆ ಫ್ಯಾನಿನೊಳಗೆ ಹೋಗಿ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಕಂಬಳಿಯಂತೆ ಹೆಣೆದುಕೊಳ್ಳುತ್ತವೆ. ಆಗ ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಗಾಳಿಗೆ ದಾರಿಯಿಲ್ಲ. ವರ್ಷಕ್ಕೆ ಎರಡು ಸಲ, ಬೇಸಿಗೆಗೆ ಮುಂಚೆ ಮತ್ತು ಸುಗ್ಗಿಯ ನಂತರ, ಕಂಪ್ಯೂಟರಿನ ವೈರು ಕಿತ್ತು ಪಕ್ಕದ ತಗಡು ತೆಗೆದು ಮೆದು ಬ್ರಷ್ಷಿನಿಂದಲೋ ಬ್ಲೋವರಿನಿಂದಲೋ ದೂಳು ತೆಗೆಯುವುದು ಅರ್ಧ ಗಂಟೆಯ ಕೆಲಸ. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು, ಇಲ್ಲವಾದರೆ ಅದು ಅಳತೆ ಮೀರಿ ತಿರುಗಿ ಹಾಳಾಗುತ್ತದೆ. ಬಾಯಿಂದ ಊದಿದರೆ ಎಂಜಲಿನ ತೇವ ಒಳಗೆ ಹೋಗುತ್ತದೆ. ಕಂಪ್ಯೂಟರನ್ನು ಗೋಡೆಗೆ ಒತ್ತಿ ಅಥವಾ ಮೇಜಿನ ಮುಚ್ಚಿದ ಖಾನೆಯಲ್ಲಿ ಇಡುವುದೂ ಸಲ್ಲದು.

ಮೂರನೆಯದು ಕರೆಂಟು. ಕಾರ್ಡಿಗೆ ಬೇಕಾದದ್ದು 12 ವೋಲ್ಟ್, ಅದರಲ್ಲಿ ನೂರಕ್ಕೆ 5ರಷ್ಟು ಹೆಚ್ಚು ಕಡಿಮೆ ನಡೆಯುತ್ತದೆ. ಮದರ್‌ಬೋರ್ಡಿನ ಖಾನೆಯಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಆರು ಪಿನ್ನಿನ ವೈರು ಇನ್ನೂ 75, ಎಂಟು ಪಿನ್ನಿನದು 150 ವ್ಯಾಟ್ ಕೊಡಬಲ್ಲದು. ಹೆಚ್ಚು ಹಸಿವಿನ ಕಾರ್ಡಿಗೆ ಅಗ್ಗದ ಪವರ್ ಸಪ್ಲೈ ಹಾಕಿದರೆ ಡೆಸ್ಕ್‌ಟಾಪ್ ನೋಡುವಾಗ ಎಲ್ಲ ಸರಿ, ಆಟ ಬಿಗಿಯಾದಾಗ ಕತ್ತಲೆ. ಎರಡು ಕಡೆ ಕರೆಂಟು ಬೇಡುವ ಕಾರ್ಡಿಗೆ ಒಂದೇ ವೈರಿನ ಕವಲನ್ನು ಹಾಕದೆ ಎರಡು ಪ್ರತ್ಯೇಕ ವೈರು ಹಾಕುವುದು ಲೇಸು. ಪಿನ್ನು ಪೂರ್ತಿ ಕೂತಿದೆಯೇ ಎಂಬುದೂ ಸಣ್ಣ ಮಾತಲ್ಲ. 2022ರಲ್ಲಿ ಬಂದ ಅತಿ ದುಬಾರಿ ಕಾರ್ಡುಗಳಲ್ಲೂ ಪೂರ್ತಿ ಕೂರದ ಪಿನ್ನು ಕಾದು ಕರಗಿದ ಪ್ರಕರಣಗಳು ವರದಿಯಾಗಿದ್ದವು. ಕಂಪ್ಯೂಟರಿನ ಲೋಹದ ಮೈ ಮುಟ್ಟಿದಾಗ ಜುಮ್ಮೆಂದರೆ ಮನೆಯ ಅರ್ತಿಂಗ್ ಸರಿಯಿಲ್ಲ ಎಂದು ತಿಳಿದು ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಯಬೇಕು.

ಅಗ್ಗದಿಂದ ದುಬಾರಿಗೆ

ಹುಡುಕಾಟಕ್ಕೆ ಒಂದು ಕ್ರಮ ಇದ್ದರೆ ಹಣ, ಸಮಯ ಎರಡೂ ಉಳಿಯುತ್ತವೆ. ಖರ್ಚಿಲ್ಲದ್ದನ್ನು ಮೊದಲು ಮಾಡಬೇಕು, ದುಬಾರಿಯನ್ನು ಕೊನೆಗೆ. ಮೊದಲು ಸ್ಕ್ರೀನ್‌ಶಾಟ್ ಪರೀಕ್ಷೆ. ನಂತರ ವೈರು ಬಿಚ್ಚಿ ಬಿಗಿಯಾಗಿ ಹಾಕುವುದು, ಬೇರೆ ವೈರು, ಬೇರೆ ಸಾಕೆಟ್, ಸಾಧ್ಯವಾದರೆ ಬೇರೆ ಮಾನಿಟರು ಅಥವಾ ಮನೆಯ ಟಿ.ವಿ.

ಆಮೇಲೆ ಡ್ರೈವರ್. ತೊಂದರೆ ಶುರುವಾದದ್ದು ಹೊಸ ಡ್ರೈವರ್ ಬಂದ ದಿನದಿಂದಲೇ ಆದರೆ ಹಳೆಯದಕ್ಕೆ ಮರಳುವುದು ಜಾಣತನ, ಹೊಸದೆಲ್ಲ ಒಳ್ಳೆಯದೆಂದಿಲ್ಲ. ಹಳೆಯ ಡ್ರೈವರಿನ ಚೂರುಗಳು ಉಳಿಯದಂತೆ ಪೂರ್ತಿ ಅಳಿಸಿ, ಕಾರ್ಡ್ ತಯಾರಕರ ತಾಣದಿಂದಲೇ ತಂದು ಹಾಕಬೇಕು. ಆಟದ ಕಡತಗಳನ್ನು ಪರೀಕ್ಷಿಸಿ ಸರಿಪಡಿಸುವ ಸೌಲಭ್ಯ ಬಹುತೇಕ ಆಟದ ಅಂಗಡಿ ತಂತ್ರಾಂಶಗಳಲ್ಲೇ ಇರುತ್ತದೆ. ವೇಗ ಹೆಚ್ಚಲೆಂದು ಕಾರ್ಡಿನ ಓಟವನ್ನು ಯಾರಾದರೂ ಏರಿಸಿದ್ದರೆ ಅದನ್ನು ಕಂಪನಿ ಇಟ್ಟ ಮಟ್ಟಕ್ಕೆ ಇಳಿಸಬೇಕು. ಮುಳ್ಳಿನಂತೆ ಚಾಚುವ ತ್ರಿಕೋನಗಳು, ಮಿನುಗುವ ಚುಕ್ಕಿಗಳು ಇಷ್ಟರಿಂದಲೇ ಮಾಯವಾಗುವುದುಂಟು.

ಅದಾದ ಮೇಲೆ ಬಿಸಿಯ ಅಳತೆ, ದೂಳು, ಪವರ್ ಸಪ್ಲೈ. ಕೊನೆಯ ಪರೀಕ್ಷೆ ಎಂದರೆ ಕಾರ್ಡನ್ನು ಗೆಳೆಯನ ಕಂಪ್ಯೂಟರಿನಲ್ಲಿ ಹಾಕಿ ನೋಡುವುದು. ಅಲ್ಲಿಯೂ ಅದೇ ಚೌಕಗಳು ಮೂಡಿದರೆ ಮಾತ್ರ ‘ಕಾರ್ಡ್ ಹೋಯಿತು’ ಎನ್ನಬಹುದು. ಆಗಲೂ ಬಿಲ್ಲು, ವಾರಂಟಿ ನೋಡಿಕೊಳ್ಳಬೇಕು. ವಾರಂಟಿ ಇರುವ ಕಾರ್ಡಿನ ಸ್ಕ್ರೂ ಬಿಚ್ಚಿದರೆ ಆ ಹಕ್ಕು ಕೈತಪ್ಪಬಹುದು.

ಒಲೆಯಲ್ಲಿ ಬೇಯಿಸಿದರೆ ಬದುಕೀತೇ?

ಸತ್ತ ಕಾರ್ಡನ್ನು ಅಡುಗೆಯ ಓವನ್‌ನಲ್ಲಿಟ್ಟು ಬಿಸಿ ಮಾಡಿದರೆ ಮತ್ತೆ ಬದುಕುತ್ತದೆ ಎಂಬ ಮಾತು ಜಗತ್ತಿನಾದ್ಯಂತ ಹಬ್ಬಿದೆ. ಅದು ಪೂರ್ತಿ ಕಟ್ಟುಕತೆಯಲ್ಲ, ಅದಕ್ಕೊಂದು ಇತಿಹಾಸವಿದೆ. ಬೆಸುಗೆಯಲ್ಲಿ ಸೀಸ ಬಳಸುವುದನ್ನು ಯುರೋಪಿನ ಕಾನೂನು 2006ರ ಜುಲೈನಿಂದ ನಿರ್ಬಂಧಿಸಿತು. ಕಾದು ತಣ್ಣಗಾಗುವ ಚಕ್ರದಲ್ಲಿ ಹೊಸ ಬೆಸುಗೆಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ಉದ್ಯಮ ಅನುಭವದಿಂದಲೇ ಕಲಿಯಬೇಕಾಯಿತು. ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ ಚಿಪ್ಪನ್ನು ಅದರ ಪೀಠಕ್ಕೆ ಕೂಡಿಸುವ ಸೂಕ್ಷ್ಮ ಬೆಸುಗೆಗಳೂ ಬಿರುಕು ಬಿಟ್ಟವು. ಲ್ಯಾಪ್‌ಟಾಪುಗಳಲ್ಲಿ ಕೆಟ್ಟ ಚಿಪ್ಪುಗಳ ವೆಚ್ಚ ಭರಿಸಲು ಎನ್‌ವಿಡಿಯಾ ಕಂಪನಿ 2008ರಲ್ಲಿ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತು. ಬಿಸಿ ಮಾಡಿದಾಗ ಬಿರುಕು ಕೆಲವು ದಿನ, ಕೆಲವು ವಾರ ಕೂಡಿಕೊಳ್ಳುತ್ತಿತ್ತು. ಆದರೆ ಕಾರಣ ಹಾಗೆಯೇ ಉಳಿಯುವುದರಿಂದ ಚುಕ್ಕಿ ಮರಳಿ ಬರುತ್ತಿತ್ತು. ಮೇಲಾಗಿ ಕಾದ ಕಾರ್ಡಿನಿಂದ ಏಳುವ ಹೊಗೆ ಅನ್ನ ಬೇಯಿಸುವ ಒಲೆಯ ಬಳಿ ಇರಬೇಕಾದದ್ದಲ್ಲ.

ಹಳೆಯ ಕಾರ್ಡು ಕೊಳ್ಳುವವರೂ ಎಚ್ಚರವಾಗಿರಬೇಕು. ಎಥೀರಿಯಂ ಎಂಬ ಡಿಜಿಟಲ್ ಹಣವನ್ನು ಗ್ರಾಫಿಕ್ಸ್ ಕಾರ್ಡುಗಳಿಂದ ‘ಅಗೆಯುವ’ ಪದ್ಧತಿ 2022ರ ಸೆಪ್ಟೆಂಬರಿನಲ್ಲಿ ನಿಂತಾಗ ಹಗಲಿರುಳು ದುಡಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವೆಂದಲ್ಲ, ಫ್ಯಾನು ಸವೆದಿರಬಹುದು, ಚಿಪ್ಪಿನ ಮೇಲಿನ ಪೇಸ್ಟು ಒಣಗಿರಬಹುದು. ಅರ್ಧ ಗಂಟೆ ಭಾರಿ ಆಟ ಓಡಿಸಿ ತೋರಿಸದ ಕಾರ್ಡಿಗೆ ಹಣ ಕೊಡುವುದು ತರವಲ್ಲ.

ಯಾದಗಿರಿಯಿಂದ ಹೈದರಾಬಾದಿಗೆ ಸುಮಾರು 200 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 500. ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್ ಇರಲಿ, ಬೆಂಗಳೂರಿನ ಎಸ್.ಪಿ. ರಸ್ತೆ ಇರಲಿ, ಕಾರ್ಡು ಹಿಡಿದು ಹೋದವನು ‘ಚಿತ್ರ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ಅಂಗಡಿಯವನು ಮೊದಲಿನಿಂದ ಹುಡುಕಬೇಕು, ಅದರ ಕೂಲಿಯನ್ನೂ ಗಿರಾಕಿಯೇ ಕೊಡಬೇಕು. ‘ಸ್ಕ್ರೀನ್‌ಶಾಟಿನಲ್ಲೂ ಕಾಣುತ್ತದೆ, ಬೇರೆ ಕಂಪ್ಯೂಟರಿನಲ್ಲೂ ಬರುತ್ತದೆ, ಆನ್ ಮಾಡಿದ ಕೂಡಲೇ ಬರುತ್ತದೆ’ ಎಂದು ಹೇಳಬಲ್ಲವನಿಗೆ ಅರ್ಧ ರಿಪೇರಿ ಮನೆಯಲ್ಲೇ ಮುಗಿದಂತೆ. ಇನ್ನು ಕೆಲವರಿಗೆ ಅಷ್ಟು ದೂರದ ಪ್ರಯಾಣವೇ ಬೇಕಾಗುವುದಿಲ್ಲ; ಒಂದು ವೈರು, ಒಂದು ಬ್ರಷ್ಷು ಸಾಕಾಗಿರುತ್ತದೆ.